ಸನ್‌ಫಿಶ್‌ಗೆ ಫ್ಲೈ ಗಾಳ: ಮಕ್ಕಳನ್ನು ಕೆರೆಯಂಚಿಗೆ ಕರೆದೊಯ್ಯುವ ಮುನ್ನ

ಅಮೆರಿಕದಲ್ಲಿ ಮನೆ ಹತ್ತಿರದ ಪಾರ್ಕಿನಲ್ಲೊಂದು ಪುಟ್ಟ ಕೆರೆಯಿದ್ದರೆ ಅದರಲ್ಲಿ ಸನ್‌ಫಿಶ್ ಇರುವ ಸಾಧ್ಯತೆ ಹೆಚ್ಚು. ಅಂಗೈಯಗಲದ ಚಪ್ಪಟೆ ಮೀನು. ಉತ್ತರ ಅಮೆರಿಕವೇ ಇದರ ಮೂಲ ನೆಲೆ. ಬ್ಲೂಗಿಲ್, ಪಂಪ್ಕಿನ್‌ಸೀಡ್, ರೆಡ್‌ಇಯರ್, ಗ್ರೀನ್ ಸನ್‌ಫಿಶ್ ಎಲ್ಲ ಒಂದೇ ಬಳಗದವು. ಕಿವಿರಿನ ಮುಚ್ಚಳದ ತುದಿ ಪೂರ್ತಿ ಕಪ್ಪಾಗಿದ್ದರೆ ಬ್ಲೂಗಿಲ್, ಆ ಕಪ್ಪಿನ ಅಂಚಿನಲ್ಲಿ ಕೆಂಪು ಚುಕ್ಕೆಯಿದ್ದರೆ ಪಂಪ್ಕಿನ್‌ಸೀಡ್ ಎಂದು ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. 1950ರಲ್ಲಿ ಅಲಬಾಮಾದ ಕೆಟೋನಾ ಕೆರೆಯಲ್ಲಿ 4 ಪೌಂಡ್ 12 ಔನ್ಸ್ ತೂಗುವ ಬ್ಲೂಗಿಲ್ ಸಿಕ್ಕಿತ್ತು, ದಾಖಲೆ ಇಂದಿಗೂ ಅದರದೇ. ಸಾಮಾನ್ಯವಾಗಿ ಅರ್ಧ ಪೌಂಡಿನದು ಸಿಕ್ಕರೆ ಅದೇ ಒಳ್ಳೆಯ ಮೀನು.

ಫ್ಲೈ ಎಂದರೆ ಹುಳುವಿನಂತೆ ಕಾಣುವ ಹಗುರವಾದ ಕೃತಕ ಎರೆ, ಅದನ್ನು ಎಸೆದು ಮೀನು ಹಿಡಿಯುವುದೇ ಫ್ಲೈ ಗಾಳ. ಅದನ್ನು ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮೀನಿಲ್ಲ. ಟ್ರೌಟ್ ಹಿಡಿಯಲು ದೂರದ ಹೊಳೆಗೆ ಹೋಗಬೇಕು, ಅದು ನೆರಳು ಕಂಡರೂ ಓಡುತ್ತದೆ. ಸನ್‌ಫಿಶ್ ದಡದಿಂದ 20 ಅಡಿಯೊಳಗೇ ಇರುತ್ತದೆ. ಎಸೆತ ಸೊಟ್ಟಗಾದರೂ ಬಂದು ಕಚ್ಚುತ್ತದೆ.

ಸಲಕರಣೆ

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈಗೆ ಭಾರವೇ ಇಲ್ಲ, ಹಾಗಾಗಿ ದಪ್ಪನೆಯ ಲೈನಿನ ಭಾರವೇ ಅದನ್ನು ಒಯ್ಯಬೇಕು. ಲೈನಿನ ಭಾರವನ್ನು ನಂಬರಿನಲ್ಲಿ ಹೇಳುತ್ತಾರೆ, ರಾಡ್ ಮತ್ತು ಲೈನಿನ ನಂಬರು ಒಂದೇ ಇರಬೇಕೆನ್ನುವುದು ಇದಕ್ಕೇ. 4 ಅಥವಾ 5 ನಂಬರಿನ, ಏಳೂವರೆಯಿಂದ ಎಂಟೂವರೆ ಅಡಿಯ ರಾಡ್, ಅದೇ ನಂಬರಿನ ತೇಲುವ ಲೈನ್ ತೆಗೆದುಕೊಳ್ಳಿ. ರೀಲಿಗೆ ದುಡ್ಡು ಸುರಿಯಬೇಡಿ. ಸನ್‌ಫಿಶ್ ದಾರ ಎಳೆದುಕೊಂಡು ಓಡುವ ಮೀನಲ್ಲ, ಇಲ್ಲಿ ರೀಲಿನ ಕೆಲಸ ಲೈನ್ ಸುತ್ತಿಟ್ಟುಕೊಳ್ಳುವುದಷ್ಟೆ.

ಎಂಟು ವರ್ಷದೊಳಗಿನ ಮಗುವಿಗೆ ಜಪಾನಿನ ತೆಂಕಾರಾ ರಾಡ್ ಇನ್ನೂ ಸುಲಭ. ಅದಕ್ಕೆ ರೀಲೇ ಇಲ್ಲ, ಸುಮಾರು 12 ಅಡಿಯ ಕೋಲಿನ ತುದಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ದಾರ ಕಟ್ಟಿದರೆ ಮುಗಿಯಿತು.

ಲೈನಿನ ತುದಿಗೆ ಏಳೂವರೆ ಅಡಿಯ 4ಎಕ್ಸ್ ಲೀಡರ್ ಸೇರಿಸಿ. ಲೀಡರ್ ಎಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, 4ಎಕ್ಸ್ ಅದರ ತುದಿಯ ದಪ್ಪದ ಗುರುತು. ಪ್ಯಾಕೆಟ್ಟಿನಿಂದ ತೆಗೆದ ಲೀಡರ್ ಸುರುಳಿ ಸುರುಳಿಯಾಗಿರುತ್ತದೆ. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆದು ನೇರ ಮಾಡದಿದ್ದರೆ ಮೀನು ಕಚ್ಚಿದ್ದು ಕೈಗೆ ತಡವಾಗಿ ಗೊತ್ತಾಗುತ್ತದೆ.

ಫ್ಲೈ ಮೂರು ಬಗೆಯವು ಸಾಕು: ರಬ್ಬರ್ ಕಾಲಿನ ಫೋಮ್ ಜೇಡ, ಎಳೆದಾಗ ನೀರಿನ ಮೇಲೆ ಸದ್ದು ಮಾಡುವ ಪುಟ್ಟ ಪಾಪರ್, ನೀರೊಳಗಿನ ಮರಿಹುಳುವನ್ನು ಹೋಲುವ, ಮುಳುಗುವ ಹೇರ್ಸ್ ಇಯರ್ ನಿಂಫ್. ಗಾಳದ ಅಳತೆ 10 ಅಥವಾ 12. ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು. ಬ್ಲೂಗಿಲ್‌ನ ಬಾಯಿ ತೀರಾ ಸಣ್ಣದು, 6ನೇ ಅಳತೆಯ ಫ್ಲೈ ಕಟ್ಟಿದರೆ ಕುಟುಕಿ ಕುಟುಕಿ ಬಿಡುತ್ತದೆ, ಸಿಕ್ಕುವುದಿಲ್ಲ. 14ಕ್ಕಿಂತ ಚಿಕ್ಕದಾದರೆ ಗಂಟಲವರೆಗೂ ನುಂಗಿಬಿಡುತ್ತದೆ.

ಮನೆಯಲ್ಲೇ ಇಕ್ಕಳದಿಂದ ಪ್ರತಿ ಗಾಳದ ಒಳಮುಳ್ಳನ್ನು ಒತ್ತಿ ಮಟ್ಟ ಮಾಡಿಬಿಡಿ. ಮೀನಿಗೆ ಗಾಯ ಕಡಿಮೆ, ಮಗುವಿನ ಬೆರಳಿಗೆ ಚುಚ್ಚಿಕೊಂಡರೂ ಸಲೀಸಾಗಿ ಹೊರಬರುತ್ತದೆ. ಟೋಪಿ, ಕನ್ನಡಕ ಇಲ್ಲದೆ ರಾಡ್ ಬೀಸಲು ಬಿಡಲೇಬೇಡಿ. ಪೋಲರೈಸ್ಡ್ ಕನ್ನಡಕವಾದರೆ ನೀರಿನ ಹೊಳಪು ಕಡಿಮೆಯಾಗಿ ಮೀನೂ ಕಾಣುತ್ತದೆ.

ಫ್ಲೈ ಕಟ್ಟುವ ಗಂಟು ಹೀಗೆ. ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ, ತುದಿಯನ್ನು ಮೂಲ ದಾರದ ಸುತ್ತ ಐದು ಸಲ ಸುತ್ತಿ. ಕಣ್ಣಿನ ಪಕ್ಕದಲ್ಲಾದ ಕುಣಿಕೆಯೊಳಗೆ ತುದಿಯನ್ನು ತೂರಿಸಿ, ಆಗ ಆಗುವ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಿ. ಎಂಜಲು ಹಚ್ಚಿ ಬಿಗಿ ಮಾಡಿ. ಒಣಗಂಟು ಎಳೆದಾಗ ಉಜ್ಜಿ ಬಿಸಿಯಾಗಿ ದಾರ ಸೊರಗುತ್ತದೆ, ಮೀನು ಎಳೆದಾಗ ಅಲ್ಲೇ ತುಂಡಾಗುತ್ತದೆ.

ಎಸೆತ

ಮೊದಲ ಪಾಠ ಹುಲ್ಲಿನ ಮೇಲೆ ಆಗಲಿ, ಫ್ಲೈ ಜಾಗದಲ್ಲಿ ಉಣ್ಣೆಯ ಚೂರು ಕಟ್ಟಿ. ರಾಡಿನ ಮೂರರಷ್ಟು ಉದ್ದದ ಲೈನ್ ಹೊರಗೆಳೆದು ಮುಂದೆ ನೇರವಾಗಿ ಹಾಸಿ. ಮಗುವಿನ ಪಕ್ಕದಲ್ಲಿ ದೊಡ್ಡ ಗಡಿಯಾರವೊಂದು ನಿಂತಿದೆ, ಅದರ 9 ಗಂಟೆಯ ದಿಕ್ಕು ಕೆರೆಯ ಕಡೆಗಿದೆ ಎಂದಿಟ್ಟುಕೊಳ್ಳಿ. ರಾಡಿನ ತುದಿ ನೆಲಮಟ್ಟದಿಂದ ಶುರುವಾಗಿ, ಮೆಲ್ಲಗೆ ಮೇಲೆದ್ದು, ವೇಗ ಹೆಚ್ಚಿಸಿಕೊಳ್ಳುತ್ತ ಹೋಗಿ 1 ಗಂಟೆಯಲ್ಲಿ ಗಕ್ಕನೆ ನಿಲ್ಲಬೇಕು. ಲೈನ್ ಹಿಂದಕ್ಕೆ ಬಿಚ್ಚಿಕೊಳ್ಳುವ ತನಕ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಿ 10 ಗಂಟೆಯಲ್ಲಿ ಮತ್ತೆ ಗಕ್ಕನೆ ನಿಲ್ಲಿಸಬೇಕು. ಲೈನ್ ಚಾಚಿಕೊಂಡು ಕೆಳಗಿಳಿಯುವಾಗ ರಾಡ್ ಕೂಡ ಇಳಿಯಲಿ.

ಹಿಂದಿನ ಆ ಕಾಯುವಿಕೆಯಲ್ಲೇ ಮಕ್ಕಳು ಎಡವುವುದು. ಕಾಯದೆ ಬೀಸಿದರೆ ಚಾಟಿ ಹೊಡೆದಂತೆ ಚಟ್ ಎನ್ನುತ್ತದೆ, ಫ್ಲೈ ಕಿತ್ತುಹೋಗಿರುತ್ತದೆ. ತಿರುಗಿ ಲೈನನ್ನು ನೋಡಲು ಹೇಳಿ, ಕಣ್ಣಿಗೆ ಕಂಡರೆ ಕೈ ತಾನಾಗಿ ಕಾಯುತ್ತದೆ. ಲೈನ್ ಹಿಂದೆ ನೆಲಕ್ಕೆ ಬಡಿಯುತ್ತಿದ್ದರೆ ಮಣಿಕಟ್ಟು ಬಗ್ಗಿ ರಾಡ್ 3 ಗಂಟೆಯವರೆಗೂ ಹೋಗುತ್ತಿದೆ ಎಂದರ್ಥ. ರಾಡಿನ ಬುಡವನ್ನು ಅಂಗಿಯ ತೋಳಿನೊಳಗೆ ಸೇರಿಸಿದರೆ ಮಣಿಕಟ್ಟು ಬಗ್ಗುವುದಿಲ್ಲ. ಲೀಡರಿನಲ್ಲಿ ತಾನಾಗಿ ಸಣ್ಣ ಗಂಟುಗಳು ಬೀಳುತ್ತಿದ್ದರೆ ಮುಂದಿನ ಬೀಸಿಗೆ ಶುರುವಲ್ಲೇ ಬಲ ಹಾಕುತ್ತಿದ್ದಾರೆ. ಆ ಗಂಟು ಬಿದ್ದಲ್ಲಿ ದಾರದ ಬಲ ಅರ್ಧಕ್ಕರ್ಧ ಇಳಿಯಬಹುದು, ಕತ್ತರಿಸಿ ಹೊಸದಾಗಿ ಕಟ್ಟುವುದೇ ವಾಸಿ.

ನೀರಿನ ಬಳಿ

ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಉತ್ತರದ ರಾಜ್ಯಗಳಲ್ಲಿ ಮೇ ಕೊನೆಯಿಂದ, ದಕ್ಷಿಣದಲ್ಲಿ ಇನ್ನೂ ಮೊದಲೇ, ಗಂಡು ಮೀನುಗಳು ದಡದ ಹತ್ತಿರ ಬರುತ್ತವೆ. ಒಂದರಿಂದ ನಾಲ್ಕಡಿ ಆಳದಲ್ಲಿ ಬಾಲದಿಂದ ಮರಳು ಗುಡಿಸಿ ತಟ್ಟೆಯಗಲದ ಗುಂಡನೆಯ ಗೂಡು ಮಾಡಿ ಕಾವಲು ನಿಲ್ಲುತ್ತವೆ. ಹತ್ತಾರು ಗೂಡುಗಳು ಒತ್ತೊತ್ತಾಗಿರುತ್ತವೆ. ಬೇರೆ ಸಮಯದಲ್ಲಿ ನೈದಿಲೆ ಎಲೆಗಳ ಅಂಚು, ಬಿದ್ದ ಮರ, ದೋಣಿಕಟ್ಟೆಯ ನೆರಳು ನೋಡಿ. ಬೆಳಗಿನ ಮತ್ತು ಸಂಜೆಯ ತಂಪು ಹೊತ್ತು ಮೇಲೆ ತೇಲುವ ಫ್ಲೈಗೆ ಸರಿ. ಬೇಸಗೆಯ ನಡುಮಧ್ಯಾಹ್ನ ದೊಡ್ಡವು ಆಳಕ್ಕಿಳಿಯುತ್ತವೆ, ಆಗ ನಿಂಫ್ ಕಟ್ಟಿ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಮುಳುಗಲು ಬಿಡಿ.

ಫೋಮ್ ಜೇಡ ನೀರಿಗೆ ಬಿದ್ದಾಗ ಅಲೆಯ ಉಂಗುರಗಳು ಏಳುತ್ತವೆ. ಅವೆಲ್ಲ ಅಳಿದು ನೀರು ನಿಲ್ಲುವವರೆಗೂ ಮುಟ್ಟಕೂಡದು. ಮೀನು ಅಷ್ಟರಲ್ಲಿ ಕೆಳಗೆ ಬಂದು ನಿಂತು ನೋಡುತ್ತಿರುತ್ತದೆ. ಈಗ ಲೈನನ್ನು ಎರಡಿಂಚು ಮಾತ್ರ ಎಳೆಯಿರಿ, ರಬ್ಬರ್ ಕಾಲು ನಡುಗುತ್ತದೆ. ಮತ್ತೆ ನಿಲ್ಲಿಸಿ. ಕಚ್ಚುವುದು ಹೆಚ್ಚಾಗಿ ಈ ನಿಂತ ಹೊತ್ತಿನಲ್ಲೇ, ಪಚಕ್ಕೆಂಬ ಸಣ್ಣ ಸದ್ದಿನೊಡನೆ. ಮಗು ಉಸಿರು ಬಿಗಿಹಿಡಿದು ನೀರನ್ನೇ ನೋಡುವ ಆ ಅರ್ಧ ನಿಮಿಷವೇ ಈ ಇಡೀ ಆಟದ ಸುಖ, ದಯವಿಟ್ಟು "ಎಳಿ, ಎಳಿ" ಎಂದು ಕೂಗಿ ಅದನ್ನು ಕೆಡಿಸಬೇಡಿ. ಊರಲ್ಲಿ ಎರೆಹುಳು ಚುಚ್ಚಿ, ಬೆಂಡು ಮುಳುಗಿದೊಡನೆ ರಪ್ಪನೆ ಮೇಲಕ್ಕೆಳೆದು ರೂಢಿಯಾದವರು ಇಲ್ಲಿ ಕೈ ತಡೆಯಬೇಕು. ರಾಡಿನ ತುದಿ ನೀರಿನ ಹತ್ತಿರವೇ ಇರಲಿ, ಎಡಗೈಯಿಂದ ಲೈನ್ ಬಿಗಿ ಮಾಡಿ ರಾಡನ್ನು ಮೆಲ್ಲಗೆ ಎತ್ತಿದರೆ ಸಾಕು.

ಗಾಳಕ್ಕೆ ಬಿದ್ದ ಬ್ಲೂಗಿಲ್ ತನ್ನ ಅಗಲವಾದ ಮೈಯನ್ನು ನೀರಿಗೆ ಅಡ್ಡ ಹಿಡಿದು ಸುತ್ತು ಹಾಕುತ್ತದೆ. ಅರ್ಧ ಪೌಂಡಿನ ಮೀನು ರಾಡನ್ನು ಬಗ್ಗಿಸುವುದು ಹೀಗೆ.

ಕೈಗೆ ಬಂದ ಮೇಲೆ

ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ಮೀನಿನ ಮೈಮೇಲಿನ ಲೋಳೆಯನ್ನು ಕೀಳುತ್ತದೆ. ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಚೂಪಾದ ಮುಳ್ಳುಗಳಿವೆ. ತಲೆಯ ಕಡೆಯಿಂದ ಬಾಲದ ಕಡೆಗೆ ಅಂಗೈ ಸವರಿದರೆ ಮುಳ್ಳು ಮಡಚಿಕೊಳ್ಳುತ್ತವೆ. ಇದನ್ನು ದೊಡ್ಡವರು ಮೊದಲು ಮಾಡಿ ತೋರಿಸಬೇಕು. ಚಿಕ್ಕ ಚಿಮಟದಿಂದ ಗಾಳವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ತೆಗೆಯಿರಿ.

ಅಡುಗೆಗೆ ಬೇಕಿದ್ದರೆ ಆ ರಾಜ್ಯದ ಮಿತಿ ನೋಡಿ, ಮಧ್ಯಮ ಗಾತ್ರದವನ್ನು ಇಟ್ಟುಕೊಳ್ಳಿ. ಗೂಡು ಕಾಯುತ್ತಿರುವ ದೊಡ್ಡ ಗಂಡನ್ನು ಅಲ್ಲೇ, ಆಗಲೇ ಬಿಟ್ಟುಬಿಡಿ. ಅದು ಸರಿದರೆ ಅಕ್ಕಪಕ್ಕದ ಮೀನುಗಳು ನಿಮಿಷಗಳಲ್ಲಿ ಮೊಟ್ಟೆ ತಿಂದುಹಾಕುತ್ತವೆ. ದೊಡ್ಡ ಗಂಡುಗಳೇ ಇಲ್ಲವಾದ ಕೆರೆಯಲ್ಲಿ ಚಿಕ್ಕ ಗಂಡುಗಳು ಬೆಳೆಯುವುದನ್ನು ಬಿಟ್ಟು ಬೇಗನೆ ಸಂತಾನಕ್ಕಿಳಿಯುತ್ತವೆ, ಕೆಲವು ವರ್ಷಗಳಲ್ಲಿ ಕೆರೆಯ ತುಂಬ ಬೆರಳುದ್ದದ ಮೀನುಗಳೇ ಉಳಿಯುತ್ತವೆ.

ಜೀವಂತ ಮೀನನ್ನು ಬಕೆಟ್ಟಿನಲ್ಲಿ ಒಯ್ದು ಬೇರೆ ಕೆರೆಗೆ ಬಿಡಬೇಡಿ. 1960ರಲ್ಲಿ ಶಿಕಾಗೊದ ಮೇಯರ್ ಜಪಾನಿನ ಯುವರಾಜ ಅಕಿಹಿಟೊ ಅವರಿಗೆ ಬ್ಲೂಗಿಲ್ ಉಡುಗೊರೆ ಕೊಟ್ಟರು. ಅವುಗಳ ಸಂತತಿ ಬಿವಾ ಸರೋವರ ಸೇರಿದಂತೆ ಅಲ್ಲಿನ ಕೆರೆಗಳನ್ನು ತುಂಬಿ ಸ್ಥಳೀಯ ಮೀನುಗಳಿಗೆ ಕುತ್ತಾಯಿತು. 2007ರಲ್ಲಿ, ಚಕ್ರವರ್ತಿಯಾಗಿದ್ದ ಅಕಿಹಿಟೊ ಅವರೇ ಇದಕ್ಕಾಗಿ ಬಹಿರಂಗವಾಗಿ ನೊಂದುಕೊಂಡರು.

ಲೈಸೆನ್ಸಿನ ನಿಯಮ ರಾಜ್ಯಕ್ಕೊಂದು. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ 16 ತುಂಬದವರಿಗೆ, ಟೆಕ್ಸಾಸ್‌ನಲ್ಲಿ 17 ತುಂಬದವರಿಗೆ ಬೇಡ. ಅಪ್ಪ ಅಮ್ಮ ರಾಡ್ ಹಿಡಿಯುವುದಾದರೆ ಅವರಿಗೆ ಬೇಕು.

ಹೊರಡುವಾಗ ಕತ್ತರಿಸಿದ ನೈಲಾನ್ ಚೂರುಗಳನ್ನೆಲ್ಲ ಹೆಕ್ಕಿ ಜೇಬಿಗೆ ಹಾಕಿಕೊಳ್ಳಿ, ಬಾತುಕೋಳಿಗಳ ಕಾಲಿಗೆ ಅವು ಸುತ್ತಿಕೊಳ್ಳುತ್ತವೆ. ಒದ್ದೆ ಫ್ಲೈಗಳನ್ನು ಡಬ್ಬಿಯಲ್ಲಿ ಮುಚ್ಚಿಡದೆ ರಾತ್ರಿ ತೆರೆದಿಟ್ಟು ಒಣಗಿಸಿ, ಇಲ್ಲವಾದರೆ ಒಂದರ ತುಕ್ಕು ಉಳಿದವಕ್ಕೂ ಹತ್ತುತ್ತದೆ.