ದವಾಖಾನೆಯಲ್ಲಿ ಬಾಣಂತಿಯ ನೋವನ್ನು ಲೆಕ್ಕಕ್ಕೆ ತರುವುದು ಹೇಗೆ

ಬೆಳಗಾವಿಯ ಒಂದು ದವಾಖಾನೆಯಲ್ಲಿ ತಂಗಿಯ ಹೆರಿಗೆಗೆಂದು ನಾನು ಮೂರು ರಾತ್ರಿ ಕಳೆದಾಗ, ಪಕ್ಕದ ಮಂಚದಲ್ಲಿ ಖಾನಾಪುರ ತಾಲೂಕಿನ ಕಾಡಂಚಿನ ಊರಿನಿಂದ ಬಂದ ಸಿದ್ದಿ ಸಮುದಾಯದ ಹೆಣ್ಣುಮಗಳೊಬ್ಬಳಿದ್ದಳು. ಹೆರಿಗೆಯಾದ ಮೇಲೆ ರಕ್ತ ಬಹಳ ಹೋಗುತ್ತಿದೆ, ಕಣ್ಣಿಗೆ ಕತ್ತಲೆ ಬರುತ್ತಿದೆ ಎಂದು ಅವಳು ಎರಡು ಸಲ ಹೇಳಿದರೂ, ಪಾಳಿಯಲ್ಲಿದ್ದವರು "ಅಡವ್ಯಾಗಿನ ಮಂದಿ, ಮೈ ಗಟ್ಟಿ ಇರ್ತದ, ಏನೂ ಆಗೂದಿಲ್ಲ" ಎಂದು ಮುಂದೆ ಹೋದರು. ಓದುಬರಹ ಬಾರದ ಅವಳ ಅತ್ತೆ, ಪೂರ್ತಿ ನೆನೆದ ಬಟ್ಟೆಯನ್ನು ಬದಲಿಸಿದಾಗಲೆಲ್ಲ ತನ್ನ ಸೆರಗಿಗೆ ಒಂದು ಗಂಟು ಹಾಕುತ್ತಿದ್ದಳು. ಒಂದೂವರೆ ತಾಸಿನಲ್ಲಿ ನಾಲ್ಕು ಗಂಟಾದಾಗ ಆ ಸೆರಗನ್ನೇ ಡಾಕ್ಟರರ ಮುಂದೆ ಹಿಡಿದು ಎಣಿಸಿ ತೋರಿಸಿದಳು. ಡಾಕ್ಟರು ತಕ್ಷಣ ಬಂದು ನೋಡಿದರು. ಅದೇ ರಾತ್ರಿ ರಕ್ತ ಏರಿಸಿದರು. ಸೊಸೆ ಕೂಸಿನೊಂದಿಗೆ ಊರಿಗೆ ಮರಳಿದಳು. ಮುಂದೆ ಹೇಳುವುದರಲ್ಲಿ ಬಹುಪಾಲು ನಾನು ಆ ಮುದುಕಿಯಿಂದ ಕಲಿತದ್ದು.

"ಮೈ ಗಟ್ಟಿ" ಎಂಬ ಮಾತಿಗೆ ದೊಡ್ಡ ಇತಿಹಾಸವಿದೆ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ, ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಕಪ್ಪು ವರ್ಣೀಯ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಸಿದ. 2016ರಲ್ಲಿ ಪ್ರಕಟವಾದ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಕೇಳಲಾದ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಜನ, ಕಪ್ಪು ವರ್ಣೀಯರ ಚರ್ಮ ದಪ್ಪ ಎಂಬಂತಹ ಒಂದಾದರೂ ಸುಳ್ಳನ್ನು ನಿಜವೆಂದು ನಂಬಿದ್ದರು. ಅಮೆರಿಕದಲ್ಲಿ 2021ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕಪ್ಪು ವರ್ಣೀಯ ತಾಯಂದಿರ ಸಾವು 69.9 ಆಗಿದ್ದರೆ, ಬಿಳಿಯ ತಾಯಂದಿರದು 26.6 ಇತ್ತು. ನಮ್ಮ ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಆದರೆ ಈ ತಾತ್ಸಾರ ತಾಂಡಾದ ಲಂಬಾಣಿ ಹೆಣ್ಣುಮಕ್ಕಳಿಗೂ, ಕಬ್ಬಿನ ಗ್ಯಾಂಗಿನಲ್ಲಿ ದುಡಿಯುವವರಿಗೂ ತಪ್ಪಿದ್ದಲ್ಲ. ಅದರ ಮೇಲೆ "ಹೆಣ್ಣಂದ ಮ್ಯಾಲೆ ಬ್ಯಾನಿ ಇದ್ದದ್ದ" ಎಂಬುದು ಬೇರೆ.

ಆದ್ದರಿಂದ ತಯಾರಿ ಹೆರಿಗೆಗೆ ಮುಂಚೆಯೇ ಆರಂಭವಾಗಬೇಕು. ತಾಯಿ ಕಾರ್ಡಿನಲ್ಲಿ ಪ್ರತಿ ತಪಾಸಣೆಯ ಬಿಪಿ, ಹಿಮೋಗ್ಲೋಬಿನ್ ಮತ್ತು ತೂಕವನ್ನು ಆಶಾ ಕಾರ್ಯಕರ್ತೆಯಿಂದ ಅಂಕಿಗಳಲ್ಲೇ ಬರೆಸಿರಿ. "ಸರಿ ಇದೆ" ಎಂದಷ್ಟೇ ಬರೆದರೆ ಮುಂದೆ ಏನು ಬದಲಾಯಿತೆಂದು ತೋರಿಸಲು ಆಧಾರ ಇರುವುದಿಲ್ಲ. ಮನೆಮಾತು ಕೊಂಕಣಿ, ಮರಾಠಿ ಅಥವಾ ಲಂಬಾಣಿಯಾಗಿದ್ದರೆ, ಆ ಮಾತನ್ನೂ ಕನ್ನಡವನ್ನೂ ಬಲ್ಲ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದೊಯ್ಯಿರಿ. ಪುರುಷ ವೈದ್ಯರು ಪರೀಕ್ಷಿಸುವಾಗ ಹೆಣ್ಣೊಬ್ಬಳು ಹಾಜರಿರಬೇಕೆಂಬುದು ರೋಗಿಯ ಹಕ್ಕು.

ನೋವನ್ನು ಹೇಳುವಾಗ ಸಮಯ, ಎಣಿಕೆ, ಬದಲಾವಣೆ ಈ ಮೂರನ್ನೂ ಸೇರಿಸಿರಿ. "ತಲಿ ನೋಯಾಕತ್ತದ" ಎಂದರೆ ನಿದ್ದೆಗೆಟ್ಟದ್ದಕ್ಕೆ ಎನ್ನುತ್ತಾರೆ. ನನ್ನ ತಂಗಿಗೂ ಹಾಗೆಯೇ ಹೇಳಿದರು. "ನಸುಕಿನ ನಾಲ್ಕರಿಂದ ತಲೆನೋವು, ಗುಳಿಗೆ ತಗೊಂಡರೂ ಇಳಿದಿಲ್ಲ, ಕಣ್ಣು ಮಂಜಾಗಿದೆ, ಈಗಲೇ ಬಿಪಿ ನೋಡಿರಿ" ಎಂದು ನಾನು ಕೇಳಿದ ಮೇಲೆ ಪಟ್ಟಿ ಕಟ್ಟಿದರು, 160/110 ಬಂತು. 140/90 ದಾಟಿದರೇ ಎಚ್ಚರಿಕೆ ಬೇಕು. 160/110 ಎಂದರೆ ತುರ್ತುಸ್ಥಿತಿ.

ರಕ್ತಸ್ರಾವದ ವಿಷಯದಲ್ಲಂತೂ ಕಣ್ಣಳತೆಯನ್ನು ನಂಬಲೇಬಾರದು. ಬೆಳಗಾವಿ ಜಿಲ್ಲೆಯಲ್ಲೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲ ಹಾಸಿ ಹೋಲಿಸಿದಾಗ, ಕಣ್ಣಂದಾಜು ಆ ಅಳತೆಗಿಂತ 33 ಪ್ರತಿಶತ ಕಡಿಮೆ ಬಂದಿತ್ತು. ಸ್ರಾವ 500 ಮಿಲಿಲೀಟರ್ ಮುಟ್ಟಿತೆಂದರೆ ಅದು ಅಪಾಯ. ಅಂತಹ ಚೀಲ ನಿಮ್ಮಲ್ಲಿದೆಯೇ ಎಂದು ಕೇಳಿರಿ. ಇಲ್ಲವಾದರೆ ನೆನೆದ ಬಟ್ಟೆಗಳನ್ನು ಎಸೆಯಲು ಬಿಡದೆ ಒಂದು ಬುಟ್ಟಿಯಲ್ಲಿಟ್ಟು, ಪ್ರತಿಯೊಂದರ ಹೊತ್ತನ್ನು ಬರೆದಿಡಿರಿ. ಒಂದು ತಾಸಿನೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ ಕಾಯಬೇಡಿ, ಕೂಗಿ ಕರೆಯಿರಿ.

ಯಂತ್ರವೂ ಪಕ್ಷಪಾತಕ್ಕೆ ಹೊರತಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ರಕ್ತದಲ್ಲಿ ಆಮ್ಲಜನಕ ನಿಜವಾಗಿ ಕುಸಿದಿದ್ದರೂ ಅದನ್ನು ತೋರಿಸದೆ ಬಿಡುವ ಪ್ರಮಾಣ ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಅಮೆರಿಕದ ಅಧ್ಯಯನ ತೋರಿಸಿತು. ಅದರ ಬೆಳಕು ಚರ್ಮದ ಬಣ್ಣವನ್ನು ದಾಟಿ ಹೋಗಬೇಕಾಗಿರುವುದೇ ಇದಕ್ಕೆ ಮುಖ್ಯ ಕಾರಣ. ದಟ್ಟ ಬಣ್ಣದವರಲ್ಲಿ ಆಕ್ಸಿಮೀಟರ್ 94 ಪ್ರತಿಶತ ತೋರಿಸಿದರೂ ಏದುಸಿರಿದ್ದರೆ ಆಮ್ಲಜನಕ ಅಳೆಯುವ ರಕ್ತದ ಪರೀಕ್ಷೆಯನ್ನೇ ಕೇಳಿರಿ. ಬಿಳಿಚಿದ್ದನ್ನೋ ನೀಲಿಗಟ್ಟಿದ್ದನ್ನೋ ಮುಖದಲ್ಲಿ ಹುಡುಕದೆ, ಕೆಳರೆಪ್ಪೆಯ ಒಳಭಾಗ, ನಾಲಿಗೆ, ತುಟಿಯ ಒಳಗು ಮತ್ತು ಅಂಗೈಯಲ್ಲಿ ನೋಡಿರಿ.

ಅಷ್ಟಾದರೂ ದವಾಖಾನೆಯವರು ಪರೀಕ್ಷೆ ಬೇಡವೆಂದರೆ, ಜಗಳವಾಡದೆ ಒಂದೇ ಮಾತು ಹೇಳಿರಿ: "ನಾವು ಈ ಪರೀಕ್ಷೆ ಕೇಳಿದೆವು, ಇಂಥ ಕಾರಣಕ್ಕೆ ಬೇಡವೆಂದಿರಿ ಎಂದು ಕೇಸ್ ಪೇಪರಿನಲ್ಲಿ ಬರೆಯಿರಿ." ಪೆನ್ನು ಹಿಡಿದ ಕೈ ಆಗ ಒಮ್ಮೆ ಯೋಚಿಸುತ್ತದೆ. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಾಗ, ಸಿಟಿ ಸ್ಕ್ಯಾನ್ ಬೇಕೆಂದು ಹೆಸರು ಹಿಡಿದೇ ಕೇಳಿದರೂ ಔಷಧದ ಮಂಪರಿನಲ್ಲಿ ಮಾತಾಡುತ್ತಿದ್ದಾಳೆಂದು ನರ್ಸ್ ತಿಳಿದಳು. ಅವರು ಪಟ್ಟು ಬಿಡಲಿಲ್ಲ. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು. ಲೋಕಪ್ರಸಿದ್ಧೆಗೇ ಹಾಗಾದರೆ, ಖಾನಾಪುರದ ಕಾಡಿನಿಂದ ಅತ್ತೆಯೂ ಜೊತೆಗಿಲ್ಲದೆ ಒಬ್ಬಳೇ ಬರುವವಳ ಗತಿಯೇನು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಡಿಸ್ಚಾರ್ಜ್ ದಿನ ದಾಖಲೆಗಳ ಪ್ರತಿಗೆ ಲಿಖಿತವಾಗಿ ಅರ್ಜಿ ಕೊಡಿರಿ. ಕೇಳಿದ 72 ತಾಸಿನೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿನಿಯಮ. ಬಾಣಂತಿಯ ಬಿಪಿ ಮನೆಗೆ ಬಂದ ಮೇಲೂ ಏರಬಹುದು, ಆದ್ದರಿಂದ ಆ ಕಾಗದಗಳನ್ನೂ ತಾಯಿ ಕಾರ್ಡನ್ನೂ ಒಂದೇ ಚೀಲದಲ್ಲಿ ಹಾಕಿ 42 ದಿನ ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿರಿ. ತಲೆನೋವು, ಏದುಸಿರು, ಒಂದೇ ಕಾಲಿನ ಬಾವು ಅಥವಾ ಹೆಚ್ಚಿದ ರಕ್ತಸ್ರಾವ ಕಂಡ ಕೂಡಲೇ 108ಕ್ಕೆ ಕರೆ ಮಾಡಿ, ಚೀಲವನ್ನು ಜೊತೆಗೇ ಒಯ್ಯಿರಿ.