ರೋಗನಿರೋಧಕ ಶಕ್ತಿ ಕುಂದಿದವರ ಮಿದುಳಿಗೆ ವೈರಸ್ ತಗುಲಿದರೆ: ಮನೆಯವರು ಮಾಡಬೇಕಾದದ್ದು

ಕಿಡ್ನಿ ಕಸಿ ಮಾಡಿಸಿಕೊಂಡವರು, ಕೀಮೋ ಪಡೆಯುತ್ತಿರುವವರು, ಎಚ್‌ಐವಿ ಇರುವವರು ಅಥವಾ ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು ಮನೆಯಲ್ಲಿದ್ದರೆ, ಮಿದುಳಿನ ಸೋಂಕೆಂದರೆ ಜೋರು ಜ್ವರ ಬಂದೇ ಬರುತ್ತದೆ ಎಂದು ಕಾಯಬಾರದು. ಇಂಥವರಲ್ಲಿ ಜ್ವರ ಇಲ್ಲದೆಯೂ ಇರಬಹುದು. ಗಮನವಿಡಬೇಕಾದದ್ದು ನಡವಳಿಕೆಯ ಮೇಲೆ. ನಿನ್ನೆಯವರೆಗೆ ಸಲೀಸಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದವರು ಇಂದು ಹಿಟ್ಟು ಕಲಸಿಟ್ಟು, ಮುಂದೇನೆಂದು ತೋಚದೆ ಕಾದ ಹಂಚನ್ನೇ ನೋಡುತ್ತ ಕುಳಿತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಅದು ತುರ್ತು ಸ್ಥಿತಿ.

ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ‘ಬಿಸಿಲು ಬಡದದ’ ಎಂದು ಮಜ್ಜಿಗೆ ಕುಡಿಸಿ ಮಲಗಿಸುವವರೇ ಹೆಚ್ಚು. ಬಿಸಿಲಿನ ಹೊಡೆತದಿಂದ ಎಚ್ಚರ ತಪ್ಪಿದರೂ ಅದು ಆಸ್ಪತ್ರೆಯ ಕೆಲಸವೇ ಆದ್ದರಿಂದ, ಕಾರಣದ ಚರ್ಚೆ ಬಿಟ್ಟು 108ಕ್ಕೆ ಕರೆ ಮಾಡಿ. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ.

ಹೊರಡುವಾಗ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಹಳೆಯ ಡಿಸ್ಚಾರ್ಜ್ ಕಾಗದಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಇತ್ತೀಚೆಗೆ ಸರ್ಪಸುತ್ತು ಆಗಿತ್ತೇ, ಕಸಿ ಯಾವಾಗ ಆಯಿತು, ಎಚ್‌ಐವಿ ಇದ್ದರೆ ಸಿಡಿ4 (ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಕಣಗಳ ಎಣಿಕೆ) ಎಷ್ಟಿದೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಅವರ ಅನುಮಾನದ ದಿಕ್ಕು ಇದರಿಂದಲೇ ಬದಲಾಗುತ್ತದೆ. ಹರ್ಪಿಸ್ ವೈರಸ್ಸಿನ ಮಿದುಳು ಸೋಂಕು ಯಾರಿಗಾದರೂ ಬರಬಹುದು, ಆದರೆ ಅಸ್ಥಿಮಜ್ಜೆ ಕಸಿಯ ನಂತರದ ವಾರಗಳಲ್ಲಿ ಮರೆವು ಹಠಾತ್ತನೆ ಕಾಣಿಸಿಕೊಂಡರೆ ಹರ್ಪಿಸ್ ಗುಂಪಿನದೇ ಇನ್ನೊಂದು ವೈರಸ್ ಆದ ಎಚ್‌ಎಚ್‌ವಿ-6 ಅನ್ನೂ, ಸಿಡಿ4 200ಕ್ಕಿಂತ ಕೆಳಗಿದ್ದು ವಾರಗಟ್ಟಲೆ ನಿಧಾನವಾಗಿ ಕೈಕಾಲಿನ ಬಲ ಕುಂದುತ್ತಿದ್ದರೆ ಮಿದುಳನ್ನು ಹಾಳುಮಾಡುವ ಜೆಸಿ ವೈರಸ್ಸನ್ನೂ ಶಂಕಿಸುತ್ತಾರೆ.

ಹರ್ಪಿಸ್ ಶಂಕೆ ಇದ್ದಲ್ಲಿ ವರದಿಗೆ ಕಾಯದೆ ವೈರಸ್ ನಿರೋಧಕ ಔಷಧ ಅಸೈಕ್ಲೊವಿರ್ ಅನ್ನು ರಕ್ತನಾಳದ ಮೂಲಕ ಆರಂಭಿಸುವುದು ಸರಿಯಾದ ಕ್ರಮ. ಹೈದರಾಬಾದ್ ಅಥವಾ ಸೊಲ್ಲಾಪುರಕ್ಕೆ ಕಳುಹಿಸುವುದಾದರೆ, ಮೊದಲ ಡೋಸ್ ಇಲ್ಲಿಯೇ ಕೊಡಬಹುದೇ ಎಂದು ಕೇಳಲು ಹಿಂಜರಿಯಬೇಡಿ; ದಾರಿಯಲ್ಲಿ ಕಳೆಯುವ ಗಂಟೆಗಳು ಸಣ್ಣವಲ್ಲ. ಈ ಔಷಧ ಕಿಡ್ನಿಗೆ ಭಾರವಾಗಬಲ್ಲದು, ಹಾಗಾಗಿ ಕಿಡ್ನಿ ತೊಂದರೆಯಿದ್ದರೆ ಮುಚ್ಚಿಡಬಾರದು.

ಸೋಂಕು ಪತ್ತೆಗೆ ಬೆನ್ನಿನ ನೀರು (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ತೆಗೆದರೆ ಕಾಲು ಹೋಗುತ್ತವೆ ಎಂಬ ಅಂಜಿಕೆಯಿಂದ ಸಹಿ ಹಾಕಲು ಒಪ್ಪದ ಮನೆಯವರುಂಟು. ಆದರೆ ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಆ ನೀರಿನಲ್ಲಿ ವೈರಸ್ಸಿನ ಅಂಶ ಹುಡುಕುವ ಪಿಸಿಆರ್ ಪರೀಕ್ಷೆ ಮೊದಲ ಕೆಲವು ದಿನಗಳಲ್ಲಿ ತಪ್ಪಾಗಿ ನೆಗೆಟಿವ್ ಬರಬಹುದಾದ್ದರಿಂದ, ಮತ್ತೊಮ್ಮೆ ಮಾಡಬೇಕೇ ಎಂದು ವಿಚಾರಿಸಿ.

ಹರ್ಪಿಸ್ ಖಚಿತವಾದರೆ ಇಂಥವರಿಗೆ ಸಾಮಾನ್ಯವಾಗಿ 21 ದಿನಗಳ ಇಂಜೆಕ್ಷನ್ ಬೇಕಾಗುತ್ತದೆ. ಹತ್ತನೇ ದಿನ ಎದ್ದು ಕುಳಿತು ಮಾತಾಡಿದರೆಂದು ಮನೆಗೆ ಕರೆತರಬಾರದು. ಕಸಿಯ ಮಾತ್ರೆಗಳನ್ನಾಗಲಿ ಸ್ಟೀರಾಯ್ಡ್ ಅನ್ನಾಗಲಿ ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.