ಕಮಾಂಡ್ ಲೈನ್‌ನಲ್ಲಿ ಪೈಟೆಸ್ಟ್ ಓಡಿಸುವ ಬಗೆ

ದಾವಣಗೆರೆಯ ಎಪಿಎಂಸಿಯ ವರ್ತಕರೊಬ್ಬರಿಗೆ ಮೆಕ್ಕೆಜೋಳದ ತೂಕದ ಪಟ್ಟಿ ಮಾಡಿಕೊಡುವ ಪುಟ್ಟ ಪೈಥಾನ್ ಪ್ರೋಗ್ರಾಮನ್ನು ನೀವು ಬರೆದಿದ್ದೀರಿ ಎಂದುಕೊಳ್ಳೋಣ. ಒಟ್ಟು ತೂಕ 2,550 ಕಿಲೋ, 50 ಚೀಲ, ಚೀಲವೊಂದಕ್ಕೆ 1 ಕಿಲೋ ಕಡಿತ, ಕ್ವಿಂಟಲ್‌ಗೆ 2,000 ರೂಪಾಯಿ ಎಂದು ಕೊಟ್ಟರೆ ಉತ್ತರ 50,000 ಬರಬೇಕು. ಕೋಡಿನಲ್ಲಿ ಒಂದು ಸಾಲು ತಿದ್ದಿದಾಗಲೆಲ್ಲ ಈ ಲೆಕ್ಕವನ್ನು ಕೈಯಾರೆ ಹಾಕಿ ನೋಡುವ ಕೆಲಸವನ್ನು, ಪೈಥಾನ್ ಕೋಡನ್ನು ಪರೀಕ್ಷಿಸುವ ಪೈಟೆಸ್ಟ್ ಎಂಬ ಸಾಧನಕ್ಕೆ ಒಪ್ಪಿಸಬಹುದು.

ಮೊದಲು ‘ಪಿಪ್ ಇನ್‌ಸ್ಟಾಲ್ ಪೈಟೆಸ್ಟ್’ ಎಂಬ ಆಜ್ಞೆ ಕೊಟ್ಟು ಅದನ್ನು ಅಳವಡಿಸಿಕೊಳ್ಳಿ. ಇಲ್ಲಿ ಕನ್ನಡದಲ್ಲಿ ಕಾಣುವ ಆಜ್ಞೆ, ಹೆಸರುಗಳನ್ನು ಟರ್ಮಿನಲ್‌ನಲ್ಲೂ ಕೋಡಿನಲ್ಲೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಪರೀಕ್ಷೆಯ ಕಡತಕ್ಕೆ ‘ಟೆಸ್ಟ್_ಪಟ್ಟಿ.ಪೈ’ ಎಂದೂ, ಅದರೊಳಗಿನ ಫಂಕ್ಷನ್‌ಗೆ ‘ಟೆಸ್ಟ್_ಮೊತ್ತ’ ಎಂದೂ ಹೆಸರಿಟ್ಟು, ಬಂದ ಉತ್ತರ 50,000ಕ್ಕೆ ಸಮವೆಂದು ‘ಅಸರ್ಟ್’ ಪದದಿಂದ ಸಾರಿರಿ. ಬಳಿಕ ಪ್ರಾಜೆಕ್ಟ್‌ನ ಫೋಲ್ಡರ್‌ನಲ್ಲಿ ನಿಂತು ‘ಪೈಥಾನ್ -ಎಂ ಪೈಟೆಸ್ಟ್’ ಎಂದು ಓಡಿಸಿ. ಬರೀ ‘ಪೈಟೆಸ್ಟ್’ ಎಂದರೂ ನಡೆಯುತ್ತದೆ, ಆದರೆ ಮೊದಲಿನದು ನಿಂತ ಫೋಲ್ಡರನ್ನೂ ಪೈಥಾನ್ ಹುಡುಕುವ ಜಾಗಗಳಿಗೆ ಸೇರಿಸುವುದರಿಂದ ನಿಮ್ಮದೇ ಮಾಡ್ಯೂಲ್ ಸಿಗಲಿಲ್ಲವೆಂಬ ತಕರಾರು ಕಡಿಮೆ.

‘ಟೆಸ್ಟ್_’ ಎಂದು ಶುರುವಾಗುವ ಹೆಸರಿನ ಈ ನಿಯಮವನ್ನು ಹಗುರವಾಗಿ ಕಾಣಬೇಡಿ. ನಾನೊಮ್ಮೆ ಕಡತಕ್ಕೆ ‘ಪಟ್ಟಿಪರೀಕ್ಷೆ.ಪೈ’ ಎಂದು ಹೆಸರಿಟ್ಟಿದ್ದೆ. ಕಡತದ ಹೆಸರನ್ನೇ ನೇರವಾಗಿ ಕೊಟ್ಟರೆ ಪೈಟೆಸ್ಟ್ ಅದನ್ನು ಮರುಮಾತಿಲ್ಲದೆ ಓಡಿಸುತ್ತದೆ. ಇಡೀ ಫೋಲ್ಡರನ್ನು ಓಡಿಸಿದಾಗ ಮಾತ್ರ ಅದನ್ನು ಗಮನಿಸದೆ ದಾಟಿಹೋಗಿ, ಉಳಿದ ಪರೀಕ್ಷೆಗಳೆಲ್ಲ ಪಾಸಾದವೆಂದು ಹಸಿರು ಸಾಲು ತೋರಿಸುತ್ತದೆ. ಚೀಲದ ಕಡಿತವನ್ನು ಎರಡು ಬಾರಿ ಕಳೆಯುತ್ತಿದ್ದ ತಪ್ಪು ಆ ಹಸಿರಿನ ಹಿಂದೆ ಹಲವು ದಿನ ಅಡಗಿತ್ತು. ಆದ್ದರಿಂದ ಬಣ್ಣಕ್ಕಿಂತ ಮೊದಲು, ಎಷ್ಟು ಪರೀಕ್ಷೆಗಳನ್ನು ಕಲೆಹಾಕಲಾಗಿದೆ ಎಂದು ತಿಳಿಸುವ ಮೇಲಿನ ಸಾಲಿನ ಸಂಖ್ಯೆಯನ್ನು ಓದಿ.

ಪರೀಕ್ಷೆಗಳು ಹೆಚ್ಚಾದ ಮೇಲೆ ‘-ಎಕ್ಸ್’ ಸೇರಿಸಿದರೆ ಮೊದಲ ಸೋಲಿಗೇ ಓಟ ನಿಲ್ಲುತ್ತದೆ, ‘--ಎಲ್ಎಫ್’ ಎಂದರೆ ಹಿಂದಿನ ಸಲ ಸೋತವು ಮಾತ್ರ ಓಡುತ್ತವೆ. ನಾನು ಹೆಚ್ಚು ಬಳಸುವುದು ಎರಡನೆಯದನ್ನೇ.

ಓಟ ಮುಗಿದಾಗ ಪೈಟೆಸ್ಟ್ ಒಂದು ನಿರ್ಗಮನ ಸಂಖ್ಯೆಯನ್ನು ಬಿಟ್ಟುಹೋಗುತ್ತದೆ, ಲಿನಕ್ಸ್‌ನಲ್ಲಿ ‘ಎಕೋ $?’ ಎಂದರೆ ಅದು ಕಾಣುತ್ತದೆ. 0 ಎಂದರೆ ಎಲ್ಲವೂ ಪಾಸು, 1 ಎಂದರೆ ಕೆಲವಾದರೂ ಸೋತಿವೆ, 5 ಎಂದರೆ ಒಂದು ಪರೀಕ್ಷೆಯೂ ಸಿಗಲಿಲ್ಲ. ಸ್ಕ್ರಿಪ್ಟ್‌ಗಳು ನೋಡುವುದು ಈ ಸಂಖ್ಯೆಯನ್ನೇ ಹೊರತು ಪರದೆಯ ಬಣ್ಣವನ್ನಲ್ಲ. ಫಲಿತಾಂಶವನ್ನು ಪೈಪ್ ಮೂಲಕ ‘ಟೀ’ ಆಜ್ಞೆಗೆ ಕೊಟ್ಟು ಕಡತದಲ್ಲಿ ಉಳಿಸಿಕೊಳ್ಳುವಾಗ, ಆಜ್ಞೆಗಳನ್ನು ನಡೆಸುವ ಬ್ಯಾಷ್ ಕೊನೆಯ ಆಜ್ಞೆಯಾದ ‘ಟೀ’ಯ ಸಂಖ್ಯೆಯನ್ನೇ ಮುಂದಿಡುವುದರಿಂದ, ಪರೀಕ್ಷೆ ಸೋತರೂ 0 ಕಾಣುತ್ತದೆ. ಹಾಗಾಗಿ, ಸೋಲಿನ ಸಂಖ್ಯೆ ಹೀಗೆ ಮರೆಯಾಗದಂತೆ, ಸ್ಕ್ರಿಪ್ಟ್‌ನ ಆರಂಭದಲ್ಲಿ ‘ಸೆಟ್ -ಓ ಪೈಪ್‌ಫೇಲ್’ ಎಂಬ ಸಾಲನ್ನು ಬರೆದಿಡಿ.